ಹಳೆಯ ಉಯಿಲಿಗೆ ತಿದ್ದುಪಡಿ ಪತ್ರ ಬರೆಯುವುದನ್ನು ನಿಲ್ಲಿಸುತ್ತಿದ್ದೇವೆ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಏಪ್ರಿಲ್ 1ರಿಂದ ನಮ್ಮ ಕಚೇರಿಯಲ್ಲಿ ಹಳೆಯ ಉಯಿಲಿಗೆ ತಿದ್ದುಪಡಿ ಪತ್ರ ಬರೆದುಕೊಡುವುದಿಲ್ಲ. ಬದಲಾವಣೆ ಸಣ್ಣದಿದ್ದರೂ ಪೂರ್ತಿ ಹೊಸ ಉಯಿಲನ್ನೇ ಬರೆಯುತ್ತೇವೆ. ಮೊದಲು ನಮ್ಮಲ್ಲೇ ಬರೆಸಿದವರಿಗೆ ಶುಲ್ಕ ಅರ್ಧ. ತಿದ್ದುಪಡಿ ಪತ್ರ ಕಾನೂನಿಗೆ ವಿರುದ್ಧವೇನಲ್ಲ. ಆದರೆ ಅದಕ್ಕೂ ಹೊಸದರಷ್ಟೇ ಸಹಿ, ಸಾಕ್ಷಿ ಬೇಕು. ಮುಂದೆ ಎರಡು ಮೂರು ಕಾಗದ ಕೂಡಿಸಿ ಓದುವಾಗ ಒಂದು ಸಿಗದಿದ್ದರೆ ಜಗಳ ಖಾತ್ರಿ. ಮೂಲ ಪ್ರತಿಯಲ್ಲಿ ಪೆನ್ನಿನಿಂದ ಹೆಸರು ಹೊಡೆದು ಇನ್ನೊಂದು ಬರೆಯುವುದಂತೂ ಬೇಡವೇ ಬೇಡ. ಆ ತಿದ್ದುಪಡಿಗೆ ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇಲ್ಲದಿದ್ದರೆ ಅದು ನಡೆಯುವುದಿಲ್ಲ.

ಹೆಚ್ಚು ಕೆಡುವುದು ಹೊಲದ ವಿವರದಲ್ಲಿ. ಸರ್ವೆ ನಂಬರ್ 112ರಲ್ಲಿ 6 ಎಕರೆ 20 ಗುಂಟೆ, ಕಾಲುವೆ ಕಡೆಯ 3 ಎಕರೆ ಹಿರಿಯ ಮಗನಿಗೆ, ಉಳಿದದ್ದು ಕಿರಿಯನಿಗೆ ಎಂದು ಬರೆಸಿರುತ್ತೀರಿ. ಆಮೇಲೆ ಪೋಡಿಯಾಗಿ (ಸರ್ವೆಯವರು ಅಳೆದು ಹೊಲ ಭಾಗ ಮಾಡಿ) 112/1, 112/2 ಆಗುತ್ತದೆ, ನಡುವೆ ಒಂದು ಎಕರೆ ಮಾರಿರುತ್ತೀರಿ. ಮ್ಯುಟೇಶನ್‌ಗೆ (ಪಹಣಿಯಲ್ಲಿ ಹೆಸರು ಬದಲಿಸಲು) ಹೋದಾಗ ಉಯಿಲಿನ ಲೆಕ್ಕ ಒಂದು, ಪಹಣಿಯದು ಇನ್ನೊಂದು. ಮಾರಿದ ಹೊಲ ಯಾರ ಪಾಲಿಗಿತ್ತೋ ಅವರಿಗೆ ತನ್ನಿಂತಾನೇ ಬದಲಿ ಸಿಗುವುದೂ ಇಲ್ಲ. ಆದ್ದರಿಂದ ಇನ್ನು ಮುಂದೆ ಹೊಸ ಪಹಣಿ, ಪೋಡಿ ನಕ್ಷೆ ನೋಡದೆ ಕರಡು ಬರೆಯುವುದಿಲ್ಲ. ಹಿಸ್ಸಾ ನಂಬರ್, ಎಕರೆ-ಗುಂಟೆ, ಚಕ್ಕುಬಂದಿ ನಾಲ್ಕೂ ದಿಕ್ಕು ಬರೆಯುತ್ತೇವೆ.

ಪಹಣಿಯಲ್ಲಿ ಒಬ್ಬರದೇ ಹೆಸರಿದ್ದ ಮಾತ್ರಕ್ಕೆ ಹೊಲವೆಲ್ಲ ಅವರದಾಗುವುದಿಲ್ಲ. ಪಿತ್ರಾರ್ಜಿತವಾದರೆ ನಿಮ್ಮ ಪಾಲಿನಷ್ಟಕ್ಕೆ ಮಾತ್ರ ಉಯಿಲು ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಆ ವರ್ಷ ತಂದೆ ಬದುಕಿರಬೇಕೆಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ಗಂಡುಮಕ್ಕಳಿಗೆ ಮಾತ್ರ' ಎಂದು ಇಡೀ ಆಸ್ತಿ ಬರೆಸಿದ ಹಳೆಯ ಉಯಿಲುಗಳನ್ನು ಮೊದಲು ತನ್ನಿ. ಮುಸ್ಲಿಂ ಗ್ರಾಹಕರು ಸಾಮಾನ್ಯವಾಗಿ ಮೂರನೇ ಒಂದು ಭಾಗದವರೆಗೆ ಮಾತ್ರ ಬರೆಯಬಹುದು, ವಾರಸುದಾರರಿಗೇ ಬರೆಯುವುದಾದರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅಂಥ ಕರಡನ್ನು ಬೇರೆಯಾಗಿಯೇ ಮಾಡುತ್ತೇವೆ.

ಸಾಕ್ಷಿಗಳು ಇಬ್ಬರು, ನಿಮಗಿಂತ ವಯಸ್ಸಿನಲ್ಲಿ ಚಿಕ್ಕವರಿರಲಿ. ಮುಂದೆ ಕೋರ್ಟಿನಲ್ಲಿ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ, ಅನುಮಾನಕ್ಕೆ ಅಷ್ಟು ಸಾಕು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೂ ಹಳೆಯದು ನೋಂದಣಿಯಾಗಿದ್ದರೆ ಹೊಸದನ್ನೂ ಮಾಡಿಸಿ, ಹಳೆಯದರ ತಾರೀಖು, ನೋಂದಣಿ ಸಂಖ್ಯೆ ನಮೂದಿಸಿ ಅದನ್ನು ರದ್ದುಪಡಿಸಿದ್ದೇನೆಂದು ಬರೆಸುವುದೇ ಲೇಸು.

ಬ್ಯಾಂಕಿನ ನಾಮಿನಿಯನ್ನೂ ನೋಡಿಕೊಳ್ಳಿ. ನಾಮಿನಿ ಹಣ ಪಡೆಯುವವರು ಮಾತ್ರ, ಅದರ ಮಾಲೀಕರಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ, ಶೇಕಡಾವಾರು ಪಾಲು ಹಾಕಿ, ಹೆಸರಿಸಬಹುದು. ತೀರಿಹೋದವರ ಹೆಸರು ಇನ್ನೂ ನಾಮಿನಿಯಾಗಿ ಉಳಿದಿದ್ದರೆ ಈ ವಾರವೇ ಬದಲಿಸಿ.

ಬರುವಾಗ ಹಳೆಯ ಉಯಿಲಿನ ಮೂಲ ಪ್ರತಿ, ಪಹಣಿ, ಮನೆಯ ಖಾತಾ ಉತಾರ, ಆಧಾರ್ ತನ್ನಿ. ಪಾಲುದಾರರಲ್ಲಿ ಯಾರಾದರೂ ನಿಮಗಿಂತ ಮೊದಲು ತೀರಿಕೊಂಡರೆ ಆ ಪಾಲು ಯಾರಿಗೆ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಬನ್ನಿ. ಭಾನುವಾರ ಕಚೇರಿ ಇರುವುದಿಲ್ಲ.

ಇಂತಿ,
ಪತ್ರ ಬರಹಗಾರರ ಕಚೇರಿ, ಸಿಂಧನೂರು