ಅರಿಶಿನದ ಗುಣ: ಪ್ರಯೋಗಾಲಯದ ತಟ್ಟೆಯ ಫಲಿತಾಂಶವೇ ಬೇರೆ, ರಕ್ತದ ಲೆಕ್ಕವೇ ಬೇರೆ

ಮಾನ್ಯ ಸಂಪಾದಕರೇ,

‘ಅರಿಶಿನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ’ ಎಂಬ ಬರಹಗಳಲ್ಲಿ ಪ್ರಮಾಣದ ಮಾತೇ ಇರುವುದಿಲ್ಲ. ಈ ಗುಣಕ್ಕೆ ಕಾರಣವೆನ್ನಲಾಗುವ ಹಳದಿ ಅಂಶವಾದ ಕರ್ಕ್ಯುಮಿನ್ ಅರಿಶಿನ ಪುಡಿಯಲ್ಲಿ ಇರುವುದು ಸುಮಾರು ಶೇ 3ರಷ್ಟು. ಅದನ್ನೂ ಕರುಳು ಮತ್ತು ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಸೇವಿಸಿದವರ ರಕ್ತದಲ್ಲಿ ಅದು ಪತ್ತೆಯೇ ಆಗಲಿಲ್ಲ, ಇಲ್ಲವೇ ತೀರಾ ಕಡಿಮೆ ಇತ್ತು. ಕಾಳುಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶವನ್ನು 20 ಮಿ.ಗ್ರಾಂ ಸೇರಿಸಿದಾಗ ಅದರ ಜೈವಿಕ ಲಭ್ಯತೆ (ಸೇವಿಸಿದ್ದರಲ್ಲಿ ರಕ್ತಕ್ಕೆ ಸೇರುವ ಪಾಲು) ಶೇ 2,000ರಷ್ಟು ಏರಿತು. ಮಾತ್ರೆ ಮಾರುವವರು ಹಿಡಿದುಕೊಂಡಿದ್ದು ಈ ಅಂಕಿಯನ್ನೇ. ಸೊನ್ನೆಗೆ ಹತ್ತಿರದ್ದನ್ನು ಎಷ್ಟು ಪಟ್ಟು ಮಾಡಿದರೇನು? ಮೇಲಾಗಿ ಪೈಪರಿನ್ ತಡೆಯುವುದು ಔಷಧಗಳನ್ನು ವಿಭಜಿಸುವ ಕಿಣ್ವಗಳನ್ನು. ಅಪಸ್ಮಾರಕ್ಕೆ ಫೆನಿಟೊಯಿನ್ ತೆಗೆದುಕೊಳ್ಳುವವರ ರಕ್ತದಲ್ಲಿ ಆ ಔಷಧದ ಮಟ್ಟವೂ ಏರುತ್ತದೆ. ಇಂಥ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ದಾಖಲಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು.

ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಪರೀಕ್ಷಿಸುವ ಪ್ರಯೋಗಾಲಯದಲ್ಲೂ ಎಡವಟ್ಟುಗಳಿವೆ. ಸೀರಂ (ರಕ್ತದ ದ್ರವಭಾಗ) ಇಲ್ಲದ ದ್ರಾವಣದಲ್ಲಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಕರ್ಕ್ಯುಮಿನ್ ಅರ್ಧ ಗಂಟೆಯಲ್ಲೇ ಬಹುಪಾಲು ಒಡೆದುಹೋಗುತ್ತದೆ. ಅದರ ಹಳದಿ ಬಣ್ಣ ಮತ್ತು ಪ್ರತಿದೀಪ್ತಿ (ಬೆಳಕು ಬಿದ್ದಾಗ ತಾನೂ ಬೆಳಕು ಸೂಸುವ ಗುಣ) ಕೋಶಗಳ ಸ್ಥಿತಿ ಅಳೆಯುವ ಉಪಕರಣದ ಓದನ್ನೇ ಕೆಡಿಸಬಲ್ಲವು. ಕೋಶಗಳಿಲ್ಲದೆ ಬರಿಯ ಕರ್ಕ್ಯುಮಿನ್ ಹಾಕಿದ ಪುಟ್ಟ ಕುಳಿಯೊಂದನ್ನು ಪ್ರತಿ ತಟ್ಟೆಯಲ್ಲೂ ಇಟ್ಟರೆ ಈ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ಎಷ್ಟೋ ಪ್ರಬಂಧಗಳಲ್ಲಿ ಅದೇ ಕಾಣುವುದಿಲ್ಲ.

ಗಿಡಮೂಲಿಕೆ ಸಂಶೋಧನೆಯ ಸುದ್ದಿ ಪ್ರಕಟಿಸುವಾಗ ಪ್ರಯೋಗ ನಡೆದದ್ದು ಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ, ಕೊಟ್ಟ ಪ್ರಮಾಣವೆಷ್ಟು ಎಂಬುದನ್ನು ಮೊದಲ ಪ್ಯಾರಾದಲ್ಲೇ ತಿಳಿಸಬೇಕೆಂದು ಕೋರುತ್ತೇವೆ.

– ಔಷಧಶಾಸ್ತ್ರ ಅಧ್ಯಾಪಕರು, ಬೆಂಗಳೂರು