ನಾಲಿಗೆ ಹರಿಬಿಟ್ಟವರ ಕಡತ ಯಾವ ಮೇಜಿನ ಮೇಲಿದೆ?

ಮಾನ್ಯ ಸಂಪಾದಕರೇ,

ರಾಜಕಾರಣಿಯೊಬ್ಬರು ವೇದಿಕೆ ಮೇಲೆ ನಾಲಿಗೆ ಹರಿಬಿಟ್ಟರೆ ಮುಂದೆ ಏನೇನಾಗುತ್ತದೆ ಎಂಬುದು ಬಳ್ಳಾರಿಯ ಜನರಿಗೆ ಬಾಯಿಪಾಠ. ಮರುದಿನ ಗಡಗಿ ಚನ್ನಪ್ಪ ವೃತ್ತದಲ್ಲಿ ಪ್ರತಿಕೃತಿ ದಹನ, ಅರ್ಧ ತಾಸು ರಸ್ತೆ ತಡೆ, ಆಮೇಲೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ರಾಜ್ಯಪಾಲರ ಹೆಸರಿಗೆ ಬರೆದ ಮನವಿ. ಕೊಪ್ಪಳದಲ್ಲಾದರೆ ಅಶೋಕ ವೃತ್ತ, ಉಳಿದದ್ದೆಲ್ಲ ಅದೇ. ಮೂರನೇ ದಿನ ‘ನನ್ನ ಮಾತು ತಿರುಚಿದ್ದಾರೆ, ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ಹೇಳಿಕೆ. ನಾಲ್ಕನೇ ದಿನಕ್ಕೆ ಸುದ್ದಿಯೇ ಇಲ್ಲ. ಆ ಮನವಿ ಪತ್ರಕ್ಕೆ ಟಪಾಲು ಶಾಖೆಯಲ್ಲಿ ಒಂದು ಸಂಖ್ಯೆ ಬಿದ್ದಿರುತ್ತದೆ, ಅಷ್ಟೇ. ಕಾನೂನಿನ ಲೆಕ್ಕದಲ್ಲಿ ಅದು ದೂರೇ ಅಲ್ಲ.

ದೂರು ಕೊಡಬೇಕಾದದ್ದು ಠಾಣೆಯಲ್ಲಿ. ಅಲ್ಲಿಗೆ ಹೋಗುವವರು ಕೂಡ ಬರೆಯುವ ಹೊತ್ತಿಗೇ ಅರ್ಧ ಸೋತಿರುತ್ತಾರೆ. ‘ಸದರಿಯವರು ನಮ್ಮ ಸಮುದಾಯದ ಬಗ್ಗೆ ಅವಹೇಳನಕಾರಿಯಾಗಿ ಮಾತನಾಡಿ ಭಾವನೆಗೆ ಧಕ್ಕೆ ತಂದಿರುತ್ತಾರೆ’ ಎಂದು ಬರೆದರೆ ಆ ಹಾಳೆಯಲ್ಲಿ ಅಪರಾಧವೇ ಕಾಣುವುದಿಲ್ಲ. ಆಡಿದ ಮಾತು ಆಡಿದ ಹಾಗೇ ಇರಬೇಕು. ನಮ್ಮ ಕಡೆಯ ಭಾಷಣ ಕನ್ನಡದಲ್ಲಿ ಶುರುವಾಗಿ, ಕಾವೇರಿದಾಗ ತೆಲುಗಿಗೆ ಹೊರಳಿ, ನಡುನಡುವೆ ಒಂದೆರಡು ದಖನಿ ಬೈಗುಳ ಸೇರಿಸಿಕೊಳ್ಳುತ್ತದೆ. ತೆಲುಗಿನಲ್ಲಿ ಆಡಿದ್ದನ್ನು ತೆಲುಗಿನಲ್ಲೇ, ಕನ್ನಡ ಲಿಪಿಯಲ್ಲಿ ಬರೆದು, ಕೆಳಗೆ ಅರ್ಥ ಕೊಡಬೇಕು. ನೇರ ಕನ್ನಡಕ್ಕೆ ಇಳಿಸಿಬಿಟ್ಟರೆ ಎದುರು ವಕೀಲರ ಮೊದಲ ಪ್ರಶ್ನೆ ‘ಈ ವಾಕ್ಯವನ್ನು ನನ್ನ ಕಕ್ಷಿದಾರರು ಎಲ್ಲಿ ಆಡಿದ್ದಾರೆ, ತೋರಿಸಿ’ ಎಂದೇ ಇರುತ್ತದೆ. ತಾರೀಖು, ವೇಳೆ, ಜಾಗ, ಸಭೆ ಕರೆದವರು, ವೇದಿಕೆಯಲ್ಲಿದ್ದವರು, ವಿಡಿಯೊದ ಎಷ್ಟನೇ ನಿಮಿಷದಲ್ಲಿ ಮಾತು ಬರುತ್ತದೆ ಎಂಬುದು, ಇಷ್ಟಿದ್ದರೆ ಒಂದು ಪುಟ ಸಾಕು. ‘ಉಗ್ರವಾಗಿ ಖಂಡಿಸುತ್ತೇವೆ’ ಎಂಬುದನ್ನು ವೃತ್ತದಲ್ಲೇ ಬಿಟ್ಟು ಬರಬಹುದು.

ವಿಡಿಯೊದಲ್ಲಿ ಆಗುವ ಎಡವಟ್ಟು ಇನ್ನೂ ದೊಡ್ಡದು. ಎಲ್ಲರ ಕೈಯಲ್ಲಿರುವುದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಇಪ್ಪತ್ತು ಸೆಕೆಂಡಿನ ತುಣುಕು. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಕಳಿಸುತ್ತದೆ. ಚಿತ್ರೀಕರಿಸಿದ ವೇಳೆ, ಮೊಬೈಲಿನ ವಿವರ ಎಲ್ಲ ಅಳಿಸಿಹೋಗಿ, ತಲುಪುವುದು ಬೇರೆಯದೇ ಒಂದು ಫೈಲು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಬೇಕು. ಅದರ ‘ಎ’ ಭಾಗವನ್ನು ಸಾಕ್ಷ್ಯ ಕೊಡುವವರೂ ‘ಬಿ’ ಭಾಗವನ್ನು ತಜ್ಞರೂ ತುಂಬಬೇಕು, ಫೈಲಿನ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಒಂದು ಸೆಕೆಂಡು ಕತ್ತರಿಸಿದರೂ ಬದಲಾಗುತ್ತದೆ. ಆದ್ದರಿಂದ ಚಿತ್ರೀಕರಿಸಿದವರ ಮೊಬೈಲಿನಲ್ಲೇ ಮೂಲ ಫೈಲನ್ನು ಉಳಿಸಿಕೊಳ್ಳಬೇಕು. ಕೇಬಲ್ ಹಾಕಿ ಪೆನ್‌ಡ್ರೈವಿಗೆ ಇಳಿಸಿ, ದಿನಾಂಕ ಬರೆದ ಲಕೋಟೆಯಲ್ಲಿಟ್ಟು, ಇಬ್ಬರ ಸಹಿ ಹಾಕಿಸಿ ಮೊಹರು ಮಾಡಬೇಕು. ಭಾಷಣದ ಹಿಂದಿನ ಹತ್ತು ನಿಮಿಷ, ಮುಂದಿನ ಹತ್ತು ನಿಮಿಷವೂ ಇರಬೇಕು, ‘ತಿರುಚಿದ್ದಾರೆ’ ಎಂಬ ಮಾತಿಗೆ ಇರುವ ಉತ್ತರ ಅದೊಂದೇ. ಸ್ಥಳೀಯ ಚಾನೆಲ್ಲಿನವರ ಬಳಿ ಪೂರ್ತಿ ಚಿತ್ರೀಕರಣ ಇದ್ದರೆ ಅದನ್ನು ಹಾಜರುಪಡಿಸಲು ನೋಟಿಸ್ ಕೊಡಿ ಎಂದು ದೂರಿನ ಕೊನೆಗೇ ಬರೆಯಬೇಕು. ತಡಮಾಡಿದರೆ ಅದೇ ಮೆಮೊರಿ ಕಾರ್ಡಿನ ಮೇಲೆ ಮುಂದಿನ ಜಾತ್ರೆಯೋ ಮದುವೆಯೋ ದಾಖಲಾಗಿ ಹೋಗಿರುತ್ತದೆ.

ಇನ್ನು ಕಲಂಗಳು. 2024ರ ಜುಲೈ 1ರಿಂದ ಗುಂಪುಗಳ ನಡುವೆ ದ್ವೇಷ ಬಿತ್ತುವ ಮಾತಿಗಿದ್ದ ಹಳೆಯ ದಂಡ ಸಂಹಿತೆಯ 153ಎ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 196 ಬಂದಿದೆ, ಬೇಕೆಂದೇ ಧಾರ್ಮಿಕ ಭಾವನೆ ಕೆರಳಿಸುವ ಮಾತಿನ 295ಎ ಈಗ 299, ಹೆಣ್ಣುಮಗಳ ಮಾನಕ್ಕೆ ಕುಂದು ತರುವ ಮಾತಿನ 509 ಈಗ 79. 196ಕ್ಕೆ 3 ವರ್ಷದವರೆಗೆ ಶಿಕ್ಷೆ ಇದೆ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಲು ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 173(3) ಅವಕಾಶ ಕೊಡುತ್ತದೆ. ಮಾತು, ಬರಹದ ಪ್ರಕರಣಗಳಲ್ಲಿ ಹಾಗೆ ಮಾಡುವುದೇ ಸೂಕ್ತ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ‘ಇವತ್ತೇ ಎಫ್‌ಐಆರ್ ಹಾಕಿ’ ಎಂದು ಠಾಣೆ ಮುಂದೆ ಕೂರುವುದಕ್ಕಿಂತ, ದೂರು ಸ್ವೀಕರಿಸಿದ ರಸೀದಿ ಪಡೆದು 14 ದಿನ ಎಣಿಸುವುದು ಲೇಸು. ಅದಾದ ಮೇಲೂ ಕದಲದಿದ್ದರೆ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್, ಅಲ್ಲಿಂದಲೂ ಉತ್ತರ ಬಾರದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಈ ಮೆಟ್ಟಿಲು ಹಾರಿ ನೇರ ಕೋರ್ಟಿಗೆ ಹೋದರೆ ಅರ್ಜಿ ಹಿಂದೆ ಬರುತ್ತದೆ. ಒಂದು ಮಾತು ಇಲ್ಲೇ ಹೇಳಬೇಕು: ಒರಟು ಮಾತೆಲ್ಲ ಅಪರಾಧವಲ್ಲ. ಎದುರಾಳಿಯನ್ನು ಏಕವಚನದಲ್ಲಿ ಜರೆದದ್ದಕ್ಕೆಲ್ಲ 196 ಹಾಕಿ ಎನ್ನುವವರಿಂದಲೇ ನಿಜವಾದ ದ್ವೇಷ ಭಾಷಣದ ದೂರುಗಳೂ ಹಗುರಾಗಿವೆ.

ಜಾತಿ ಹೆಸರು ಹಿಡಿದು ಬೈದಾಗ ಮಾತ್ರ ದಾರಿ ಬೇರೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಮತ್ತು (ಎಸ್) ಅನ್ವಯಿಸಿದರೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ, ತನಿಖೆ ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕು, ನಿರೀಕ್ಷಣಾ ಜಾಮೀನಿಗೂ ತಡೆ ಇದೆ. ಆದರೆ ಮಾತು ಸಾರ್ವಜನಿಕರ ಎದುರಿಗೆ ಆಡಿದ್ದಾಗಿರಬೇಕು. ಕೊಠಡಿ ಬಾಗಿಲು ಹಾಕಿಕೊಂಡು ಬೈದದ್ದು ಈ ಕಲಮಿನಲ್ಲಿ ನಿಲ್ಲುವುದು ಕಷ್ಟ. ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಗಳಲ್ಲಿ ಅಧಿಕಾರಿಗಳನ್ನು ಬಾಯಿಗೆ ಬಂದಂತೆ ಬೈಯುವುದು ಇನ್ನೊಂದು ತರಹ. ತಾಲ್ಲೂಕು ಕೆಡಿಪಿಯ ಅಧ್ಯಕ್ಷತೆ ಶಾಸಕರದ್ದೇ, ಹಾಗಾಗಿ ಬೈಗುಳ ನಡಾವಳಿಯಲ್ಲಿ ಬರುವ ಮಾತೇ ಇಲ್ಲ. ಬೈಸಿಕೊಂಡ ಅಧಿಕಾರಿ ಅದೇ ದಿನ ಸಂಜೆಯೊಳಗೆ ಮೇಲಧಿಕಾರಿಗೆ ನಾಲ್ಕು ಸಾಲು ಬರೆದು ಸಭೆಯ ಚಿತ್ರೀಕರಣ ಕಾಯ್ದಿಡಲು ಕೋರಬೇಕು. ಬರೀ ಅವಮಾನದ, ನ್ಯಾಯ ಸಂಹಿತೆಯ 352ನೇ ಕಲಮಿಗೆ ಠಾಣೆಯಲ್ಲಿ ಸಿಗುವುದು ಎನ್‌ಸಿ (ಎಫ್‌ಐಆರ್ ಅಲ್ಲದ ಅಸಂಜ್ಞೇಯ ಪ್ರಕರಣದ ನೋಂದಣಿ) ಮಾತ್ರ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ.

ಇಷ್ಟೆಲ್ಲ ಸರಿಯಾಗಿ ಆಯಿತು, ಎಫ್‌ಐಆರ್ ಆಯಿತು, ದೋಷಾರೋಪ ಪಟ್ಟಿಯೂ ಸಿದ್ಧವಾಯಿತು ಅನ್ನಿ. ಪ್ರಕರಣ ಉಸಿರುಗಟ್ಟುವುದು ಅಲ್ಲಿಂದ ಮುಂದೆ. ನಾಗರಿಕ ಸುರಕ್ಷಾ ಸಂಹಿತೆಯ 217ನೇ ಕಲಂ ಪ್ರಕಾರ 196 ಮತ್ತು 299ರ ಪ್ರಕರಣಗಳನ್ನು ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಎಫ್‌ಐಆರ್‌ಗೆ ಬೇಡ, ತನಿಖೆಗೂ ಬೇಡ. ‘ಅನುಮತಿ ತನ್ನಿ, ಆಮೇಲೆ ಬರೆದುಕೊಳ್ಳುತ್ತೇವೆ’ ಎಂದು ಠಾಣೆಯಲ್ಲಿ ಯಾರಾದರೂ ಅಂದರೆ ಅದು ತಪ್ಪು. ಕೋರ್ಟಿನ ಬಾಗಿಲಲ್ಲಿ ಮಾತ್ರ ಅದು ಬೇಕೇ ಬೇಕು. ಅನುಮತಿ ಪತ್ರ ಇಲ್ಲದ ದೋಷಾರೋಪ ಪಟ್ಟಿಯನ್ನು ಹೈಕೋರ್ಟಿನಲ್ಲಿ ರದ್ದು ಮಾಡಿಸುವುದು ನುರಿತ ವಕೀಲರಿಗೆ ಒಂದು ಮಧ್ಯಾಹ್ನದ ಕೆಲಸ. ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗುತ್ತಾರೆ.

ಪಕ್ಕದಲ್ಲೇ 218ನೇ ಕಲಂ ಇದೆ, ಸರ್ಕಾರಿ ನೌಕರರು ಕರ್ತವ್ಯದ ಸಂಬಂಧ ಮಾಡಿದ ಅಪರಾಧಗಳಿಗೆ ಬೇಕಾದ ಅನುಮತಿಯದು. ಅಲ್ಲಿ ಹೊಸ ಕಾಯ್ದೆ 120 ದಿನದ ಗಡುವು ಹಾಕಿದೆ. ಅಷ್ಟರೊಳಗೆ ತೀರ್ಮಾನ ಬಾರದಿದ್ದರೆ ಅನುಮತಿ ಸಿಕ್ಕಂತೆಯೇ ಲೆಕ್ಕ. 217ಕ್ಕೆ ಅಂಥ ಗಡುವು ಇಲ್ಲ. ಅಂದರೆ ಲಂಗುಲಗಾಮಿಲ್ಲದ ಭಾಷಣದ ಕಡತ ಗೃಹ ಇಲಾಖೆಯ ಮೇಜಿನ ಮೇಲೆ ಎಷ್ಟು ದಿನ ಬೇಕಾದರೂ ಮಲಗಬಹುದು. ಭಾಷಣ ಮಾಡಿದವರು ಆಳುವ ಪಕ್ಷದವರಾದರೆ ಕಡತ ಏಳುವುದಿಲ್ಲ, ವಿರೋಧ ಪಕ್ಷದವರಾದರೆ ಎದ್ದು ಓಡುತ್ತದೆ, ಸರ್ಕಾರ ಬದಲಾದರೆ ಓಡುತ್ತಿದ್ದದ್ದು ಕೂರುತ್ತದೆ. ಇದರಲ್ಲಿ ಯಾವ ಪಕ್ಷವೂ ಇನ್ನೊಂದಕ್ಕಿಂತ ಶುದ್ಧವಲ್ಲ. 2020ರ ಜನವರಿಯಲ್ಲಿ ಬಳ್ಳಾರಿಯಲ್ಲೇ, ಪೌರತ್ವ ತಿದ್ದುಪಡಿ ಕಾಯ್ದೆಯ ಪರ ಸಭೆಯಲ್ಲಿ ಆಗಿನ ನಗರ ಶಾಸಕರು ಆಡಿದ ಮಾತು ದೇಶದ ಟಿ.ವಿ.ಗಳಲ್ಲೆಲ್ಲ ಬಂತು, ಎಫ್‌ಐಆರ್ ಕೂಡ ಆಯಿತು. ಎಫ್‌ಐಆರ್ ಸುದ್ದಿ ಓದಿದ ಎಷ್ಟು ಜನ ಅದರ ಮುಂದಿನ ಹಂತದ ಸುದ್ದಿ ಓದಿದ್ದಾರೆ?

ಕಡತ ಏಳದಿರುವುದಕ್ಕೆ ಬಲವಾದ ಕಾರಣವೂ ಇದೆ. ಜನಪ್ರತಿನಿಧಿ ಕಾಯ್ದೆಯ 8(3)ರಲ್ಲಿ ಶಾಸಕ ಸ್ಥಾನ ಹೋಗಬೇಕಾದರೆ ಕನಿಷ್ಠ 2 ವರ್ಷ ಶಿಕ್ಷೆ ಆಗಿರಬೇಕು. ಆದರೆ ಗುಂಪುಗಳ ನಡುವೆ ದ್ವೇಷ ಬಿತ್ತಿದ ಅಪರಾಧ 8(1)ರ ಪಟ್ಟಿಯಲ್ಲಿದೆ. ಅಲ್ಲಿ ಬರೀ ದಂಡ ಬಿದ್ದರೂ 6 ವರ್ಷ ಅನರ್ಹತೆ! ಒಂದು ಸಾವಿರ ರೂಪಾಯಿ ದಂಡ ಕಟ್ಟಿ ಮನೆಗೆ ಹೋದವರೂ ಮುಂದಿನ ಚುನಾವಣೆಗೆ ನಾಮಪತ್ರ ಹಾಕುವಂತಿಲ್ಲ. ಮಾನನಷ್ಟದ ಮೊಕದ್ದಮೆಯನ್ನು ಇದಕ್ಕೆ ಹೋಲಿಸಿ ನೋಡಿ. ರಾಹುಲ್ ಗಾಂಧಿಯವರು 2019ರ ಏಪ್ರಿಲ್ 13ರಂದು ನಮ್ಮದೇ ಕೋಲಾರದಲ್ಲಿ ಆಡಿದ ಮಾತಿಗೆ ಸೂರತ್‌ನಲ್ಲಿ ಖಾಸಗಿ ದೂರು ದಾಖಲಾಗಿ, 2023ರ ಮಾರ್ಚ್ 23ರಂದು ಸರಿಯಾಗಿ 2 ವರ್ಷ ಶಿಕ್ಷೆಯಾಯಿತು. ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು, ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ವಾಪಸ್ ಬಂತು. ಅಲ್ಲಿ ಸರ್ಕಾರದ ಅನುಮತಿ ಬೇಕಿರಲಿಲ್ಲ, ಆದ್ದರಿಂದ ತೀರ್ಪಿನ ತನಕ ಹೋಯಿತು. ಒಬ್ಬರ ಮಾನ ಕೋರ್ಟ್ ತಲುಪಲು ಯಾರ ಸಹಿಯೂ ಬೇಡ, ಊರಿನ ನೆಮ್ಮದಿ ಕೆಡಿಸಿದ ಮಾತಿಗೆ ಮಾತ್ರ ವಿಧಾನಸೌಧದ ಸಹಿ ಬೇಕು.

ಅನುಮತಿ ಸಿಕ್ಕಿದ ಮೇಲೂ ‘ಪ್ರಕರಣ ವಾಪಸ್’ ಎಂಬ ಹಿಂಬಾಗಿಲು ಇದೆ. ಸಂಸದರು, ಶಾಸಕರ ಮೇಲಿನ ಪ್ರಕರಣಗಳನ್ನು ಹೈಕೋರ್ಟ್ ಒಪ್ಪಿಗೆ ಇಲ್ಲದೆ ಹಿಂತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲೇ ಆದೇಶಿಸಿತ್ತು. ನಮ್ಮ ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 43 ಪ್ರಕರಣ ಕೈಬಿಡಲು ಹೊರಡಿಸಿದ ಆದೇಶವನ್ನು ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಸಂಪುಟ ಸಭೆಯ ಸುದ್ದಿಯಲ್ಲಿ ‘ಕೆಲವು ಪ್ರಕರಣ ಹಿಂಪಡೆಯಲು ನಿರ್ಧಾರ’ ಎಂಬ ಒಂದು ಸಾಲು ಕಂಡರೆ ಆ ಪಟ್ಟಿಯನ್ನು ಪೂರ್ತಿ ಕೇಳಿ ತರಿಸಬೇಕು.

ಚುನಾವಣೆ ಹೊತ್ತಿನಲ್ಲಿ ಗಡಿಯಾರ ಬೇಗ ಓಡುತ್ತದೆ. ನೀತಿಸಂಹಿತೆ ಉಲ್ಲಂಘನೆಯ ದೂರಿಗೆಂದು ಚುನಾವಣಾ ಆಯೋಗ ಮಾಡಿದ ಸಿ-ವಿಜಿಲ್ ಆ್ಯಪ್‌ನಲ್ಲಿ ಗ್ಯಾಲರಿಯ ಹಳೆಯ ವಿಡಿಯೊ ಹಾಕಲು ಬರುವುದಿಲ್ಲ. ಆ್ಯಪ್ ತೆರೆದು ಅಲ್ಲಿಯೇ, ಹೆಚ್ಚೆಂದರೆ 2 ನಿಮಿಷ ಚಿತ್ರೀಕರಿಸಿ 5 ನಿಮಿಷದೊಳಗೆ ಕಳಿಸಬೇಕು. 100 ನಿಮಿಷದೊಳಗೆ ಕ್ರಮದ ವರದಿ ಬರಬೇಕು. 2019ರಲ್ಲಿ ಆಯೋಗ ಯೋಗಿ ಆದಿತ್ಯನಾಥರಿಗೆ 72 ತಾಸು, ಮಾಯಾವತಿಯವರಿಗೆ 48 ತಾಸು ಪ್ರಚಾರ ನಿಷೇಧಿಸಿದ್ದುಂಟು, ಅಂದರೆ ಮನಸ್ಸು ಮಾಡಿದರೆ ಅಧಿಕಾರ ಇದೆ. ಗೆದ್ದವರು ಧರ್ಮ, ಜಾತಿ ಹೆಸರಲ್ಲಿ ಮತ ಕೇಳಿದ್ದರೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಲು ಫಲಿತಾಂಶದಿಂದ 45 ದಿನ ಮಾತ್ರ. ತಕರಾರು ಇಲ್ಲದಿದ್ದರೆ ಚುನಾವಣಾ ವಿಡಿಯೊಗಳನ್ನೂ 45 ದಿನದ ನಂತರ ಅಳಿಸಬಹುದು ಎಂದು ಆಯೋಗ 2025ರಲ್ಲಿ ಸೂಚಿಸಿದೆ.

ಸದನದೊಳಗಿನ ಮಾತಿಗೆ ಇದಾವುದೂ ಸುಲಭವಾಗಿ ಅನ್ವಯಿಸದು, ಸಂವಿಧಾನದ 194(2)ನೇ ವಿಧಿಯ ರಕ್ಷಣೆ ಇದೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅತ್ಯಾಚಾರದ ಕುರಿತು ಹಿರಿಯ ಸದಸ್ಯರೊಬ್ಬರು ಆಡಿದ ಮಾತು ಮರುದಿನದ ಕ್ಷಮೆಯೊಂದಿಗೆ ಮುಗಿದುಹೋಯಿತು. ಆದರೆ ಸ್ಪೀಕರ್ ಪೀಠಕ್ಕೆ ಅಗೌರವ ಆಯಿತೆಂದು 2025ರ ಮಾರ್ಚ್ 21ರಂದು 18 ಶಾಸಕರು ಒಂದೇ ದಿನದಲ್ಲಿ 6 ತಿಂಗಳಿಗೆ ಅಮಾನತಾದರು (ಎರಡು ತಿಂಗಳಿಗೆ ಅದೂ ವಾಪಸಾಯಿತು). ಯಾವುದಕ್ಕೆ ಸಿಟ್ಟು ಬರುತ್ತದೆ ಎಂಬುದು ಸದನಕ್ಕೆ ಬಿಟ್ಟ ವಿಷಯ.

ಪತ್ರಿಕೆಗೆ ಎರಡು ಬಿನ್ನಹ. ‘ಆಕ್ಷೇಪಾರ್ಹ ಪದ ಬಳಸಿದರು’ ಎಂದಷ್ಟೇ ಅಚ್ಚು ಹಾಕಬೇಡಿ. ಪದ ಅಚ್ಚಿಗೆ ಯೋಗ್ಯವಲ್ಲದಿದ್ದರೆ ಸಭೆಯ ಜಾಗ, ವೇಳೆ, ವರದಿಗಾರರು ಅಲ್ಲಿದ್ದರೇ ಇಲ್ಲವೇ ಎಂಬುದನ್ನಾದರೂ ಬರೆಯಿರಿ, ವರದಿಗಾರರ ಟಿಪ್ಪಣಿ ಪುಸ್ತಕ ಎಸೆಯಬೇಡಿ. ಎರಡನೆಯದು ಕಡತದ ಬೆನ್ನು ಹತ್ತುವುದು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ‘ಏಕೆ ಅನುಮತಿ ಕೊಟ್ಟಿಲ್ಲ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಾರಣ ಹೇಳುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ. ಹೀಗೆ ಕೇಳಬೇಕು: ‘ಇಂಥ ಠಾಣೆಯ ಇಂಥ ಮೊಕದ್ದಮೆಯಲ್ಲಿ ಕಲಂ 217ರ ಅನುಮತಿ ಕೋರಿದ ಪತ್ರ ಗೃಹ ಇಲಾಖೆಗೆ ತಲುಪಿದ ದಿನಾಂಕ, ಕಡತದ ಸಂಖ್ಯೆ, ಇಂದು ಯಾವ ಶಾಖೆಯಲ್ಲಿದೆ, ಟಿಪ್ಪಣಿ ಹಾಳೆಯ ಪ್ರತಿ.’ 30 ದಿನ ಕಾಯಿರಿ, ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ತನಿಖೆಗೆ ಅಡ್ಡಿ ಎಂಬ ನೆಪ ಹೇಳಿದರೆ, ತನಿಖೆ ಮುಗಿದ ಮೇಲೆಯೇ ಅನುಮತಿ ಕೋರಿದ್ದು ಎಂದು ಮೇಲ್ಮನವಿಯಲ್ಲಿ ಬರೆಯಿರಿ.

ಎಫ್‌ಐಆರ್ ಆದ ದಿನ ಕೊಟ್ಟ ಮುಖಪುಟದ ಜಾಗವೇನೂ ಬೇಡ. ಮೂರು ತಿಂಗಳಿಗೊಮ್ಮೆ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಸಾಕು, ಕಡತದ ಸಂಖ್ಯೆ ಸಹಿತ.

ಇಂತಿ,
ಇಬ್ಬರು ವಕೀಲ ಓದುಗರು
ಕೌಲ್ ಬಜಾರ್, ಬಳ್ಳಾರಿ