ದ್ರೋಹಿ ಅನ್ನುವ ಮುಂಚೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಜೊತೆಗೂಡಿ ಶುರುಮಾಡಿದ ಕೆಲಸ ಅರ್ಧಕ್ಕೆ ಬಿಟ್ಟು ಬೇರೆ ಕಡೆ ಸೇರಿಕೊಂಡನೆಂದು ಗೆಳೆಯನನ್ನು ನಾಲ್ಕು ಜನರ ಮುಂದೆ 'ದ್ರೋಹಿ' ಅಂದೆಯಂತೆ. ನಿನ್ನ ಸಂಕಟ ನನಗೆ ತಿಳಿಯುತ್ತದೆ. ಆದರೆ ಆ ಮಾತು ಎರಡು ದಿನದಿಂದ ನನ್ನನ್ನು ಕೊರೆಯುತ್ತಿದೆ.

ಮೋಸವನ್ನು ದಾರಿಹೋಕನೂ ಮಾಡಬಲ್ಲ. ದ್ರೋಹಕ್ಕೆ ಮಾತ್ರ ಮೊದಲು ನಮ್ಮ ನಂಬಿಕೆ ಅವನ ಕೈಯಲ್ಲಿರಬೇಕು. ಮಿತ್ರದ್ರೋಹ, ಗುರುದ್ರೋಹ, ಸ್ವಾಮಿದ್ರೋಹ ಎಂದು ಸಂಬಂಧದ ಹೆಸರು ಹಿಡಿದೇ ಅದನ್ನು ಕರೆಯುವುದು ಅದಕ್ಕೇ. ಭಾರತೀಯ ನ್ಯಾಯ ಸಂಹಿತೆಯಲ್ಲೂ ವಂಚನೆಗೆ 318ನೇ ಕಲಂ, ನಂಬಿಕೆ ದ್ರೋಹಕ್ಕೆ ಬೇರೆಯೇ 316ನೇ ಕಲಂ. ನಂಬಿ ಒಪ್ಪಿಸಿದ್ದನ್ನು ನುಂಗಿಹಾಕುವುದು ಈ ಎರಡನೆಯದು.

ಸಂಸ್ಕೃತದ 'ದ್ರುಹ್' ಧಾತುವಿಗೆ ಕೇಡೆಣಿಸು ಎಂಬ ಅರ್ಥವಿದೆ. ನಮ್ಮ ಕನ್ನಡ ಅದರ ಪಕ್ಕದಲ್ಲಿ 'ಬಗೆ' ಇಟ್ಟು 'ದ್ರೋಹ ಬಗೆದ' ಅನ್ನುತ್ತದೆ. ಬಗೆಯುವುದೆಂದರೆ ಮನಸ್ಸಿನಲ್ಲಿ ಎಣಿಸುವುದು. 'ಉಂಡ ಮನೆಗೆ ಎರಡು ಬಗೆದ' ಅನ್ನುವಾಗಲೂ ಅದೇ. ಕೈತಪ್ಪಿ ಆದದ್ದು, ಹೊಟ್ಟೆಪಾಡಿಗೆ ಮಾಡಿದ್ದು ಇದರೊಳಗೆ ಬಾರದು. ಇನ್ನು ವಿಶ್ವಾಸಘಾತದ 'ಘಾತ', ಕೃತಘ್ನನ 'ಘ್ನ' ಎರಡೂ ಕೊಲ್ಲು ಎಂಬರ್ಥದ 'ಹನ್' ಧಾತುವಿನಿಂದಲೇ ಬಂದವು. ಅಷ್ಟು ಭಾರದ ಮಾತುಗಳಪ್ಪ ಇವು.

ವಿಭೀಷಣ ರಾವಣನ ಎದುರಿಗೇ ಹೇಳಬೇಕಾದ್ದನ್ನು ಹೇಳಿದ, ಅಣ್ಣ ಕೇಳದಾಗ ಎಲ್ಲರೂ ನೋಡುತ್ತಿದ್ದಂತೆ ಹೊರಟ. ಅವನನ್ನು ದ್ರೋಹಿ ಅನ್ನಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ. ನಿನ್ನ ಗೆಳೆಯನೂ ತಿಂಗಳ ಮುಂಚೆ ಹೇಳಿ, ಲೆಕ್ಕವೆಲ್ಲ ಒಪ್ಪಿಸಿ ಹೋದನೆಂದು ನೀನೇ ಬರೆದಿದ್ದೀಯ. ಅವನು ನಿನ್ನನ್ನು ನಡುನೀರಿನಲ್ಲಿ ಬಿಟ್ಟ, ನಿಜ. ಕೇಡು ಬಗೆದನೇ?

ನಿನ್ನ ವಯಸ್ಸಿನಲ್ಲಿ ನಾನೂ ಆಪ್ತನೊಬ್ಬನಿಗೆ ಸಿಟ್ಟಿನಲ್ಲಿ ಇದೇ ಮಾತು ಅಂದೆ. 11 ವರ್ಷ ನಮಗೆ ಮಾತಿರಲಿಲ್ಲ. ಜಗಳ ಯಾತಕ್ಕೆಂದು ಕೊನೆಗೆ ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ಆ ಮಾತು ಮಾತ್ರ ಅವನಿಗೆ ನೆನಪಿತ್ತು.

ಮುಂದೆ ಯಾರಾದರೂ ನಿನ್ನ ಗುಟ್ಟು ಮಾರಿಕೊಂಡರೆ, ನಿನ್ನ ಹೆಸರಲ್ಲಿ ಇಟ್ಟದ್ದನ್ನು ಕದ್ದರೆ, ಆಗ ಹಿಂಜರಿಯದೆ ದ್ರೋಹ ಅನ್ನು, ನಾನೂ ನಿನ್ನ ಜೊತೆ ನಿಲ್ಲುತ್ತೇನೆ. ಈಗ ಅವನಿಗೊಂದು ಫೋನ್ ಮಾಡು. 'ಒಂಟಿಯಾಗಿಬಿಟ್ಟೆ ಕಣೋ, ಅದಕ್ಕೇ ಬಾಯಿ ಜಾರಿತು' ಅನ್ನು. ಆ ನಾಲ್ಕು ಜನಕ್ಕೂ ಹೇಳು. ಅವನು ಏನೆಂದ ಅಂತ ನನಗೆ ಬರೆ, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಪ್ಪ